ಸಾಣೆಕಲ್ಲಿನ ಆಯ್ಕೆಯೂ ಸಂರಕ್ಷಣೆಯೂ

ಜೋಳ, ತೊಗರಿಗಳ ಕೊಯ್ಲಿನಲ್ಲಿ ಮೊಂಡು ಕುಡುಗೋಲಿನಿಂದಾಗುವ ನಷ್ಟವು ಲೆಕ್ಕಕ್ಕೆ ಸಿಕ್ಕದು. ಆಳಿನ ಕೈ ಬೇಗನೆ ಸೋಲುವುದು. ಕೆಲಸ ಹಿಂದೆ ಬೀಳುವುದು. ಬಲವಾಗಿ ಎಳೆದಾಗ ಅಲಗು ಜಾರಿ ಗಾಯವಾಗುವುದು. ಆದಕಾರಣ ಒಕ್ಕಲುತನದ ಮನೆಯಲ್ಲಿ ಒಳ್ಳೆಯ ಸಾಣೆಕಲ್ಲೊಂದು ಇರಲೇಬೇಕು.

ಕಲ್ಲಿನ ಪರೀಕ್ಷೆ: ವಾಡಿ, ಶಹಾಬಾದ, ಚಿತ್ತಾಪುರ, ಸೇಡಂ ಪ್ರಾಂತಗಳಲ್ಲಿ ಫರಸಿ ಕಲ್ಲು ಹೇರಳವಾಗಿ ದೊರೆಯುವುದರಿಂದ ಅನೇಕರು ಅದರ ಅಂಚಿಗೇ ಆಯುಧವನ್ನು ಮಸೆಯುವರು. ಇದು ಸರಿಯಲ್ಲ. ಫರಸಿಯು ಸುಣ್ಣದ ಕಲ್ಲಿನ ಜಾತಿಯದು. ಖನಿಜಗಳ ಗಡಸುತನವನ್ನು 1ರಿಂದ 10ರ ವರೆಗೆ ಎಣಿಸುವ ಕ್ರಮದಲ್ಲಿ ಸುಣ್ಣದ ಕಲ್ಲಿನ ಮುಖ್ಯ ಖನಿಜವು 3ನೆಯದು. ಹದಗೊಳಿಸಿದ ಉಕ್ಕು ಅದಕ್ಕಿಂತ ಬಹಳ ಗಡುಸು. ಮೆತ್ತಗಿನ ವಸ್ತುವು ಗಡುಸಾದುದನ್ನು ಸವೆಯಿಸಲಾರದು. ಮರಳುಗಲ್ಲಿನಲ್ಲಿರುವ ಬೆಣಚಿನ ಕಣಗಳು 7ನೆಯವಾದುದರಿಂದ ಉಕ್ಕನ್ನು ಚೆನ್ನಾಗಿ ಕೊರೆಯುವುವು. 1891ರಲ್ಲಿ ಅಮೇರಿಕದ ಆಚಿಸನ್ ಎಂಬವರು ಕಂಡುಹಿಡಿದ ಕಾರ್ಬೊರಂಡಂ ಇವೆಲ್ಲಕ್ಕಿಂತ ಗಡುಸು.

ಚಾಕುವಿನ ಮೊನೆಯಿಂದ ಗೀರಿದಾಗ ಕಲ್ಲು ಗಾಯಗೊಂಡು ಬಿಳಿಯ ಹುಡಿ ಉದುರಿದರೆ ಆ ಕಲ್ಲು ನಿರುಪಯೋಗಿ. ಆ ಹುಡಿಯ ಮೇಲೆ ನಿಂಬೆಯ ರಸ ಹಾಕಿದಾಗ ಗುಳ್ಳೆ ಎದ್ದರೆ ಅದು ಸುಣ್ಣದ ಕಲ್ಲೆಂದು ತಿಳಿಯತಕ್ಕದ್ದು. ಬಿರುಕು, ಹರಳು ಇಲ್ಲದೆ ಕಣಗಳು ಸಮನಾಗಿರುವ ಕಲ್ಲೇ ಉತ್ತಮ.

ಮಸೆಯುವ ಕ್ರಮ: ಕುಡುಗೋಲು, ಕೊಡಲಿಗಳಿಗೆ ಮೊದಲು ಒರಟು ಕಲ್ಲನ್ನೂ ಅನಂತರ ನಯವಾದುದನ್ನೂ ಬಳಸಬೇಕು. ಹಲ್ಲುಳ್ಳ ಕುಡುಗೋಲನ್ನು ಕಲ್ಲಿಗೆ ಹಿಡಿಯದೆ ಕಮ್ಮಾರನಿಂದ ಅರದಲ್ಲಿ ತಿದ್ದಿಸುವುದು ಲೇಸು. ಕ್ಷೌರದ ಕತ್ತಿಗೆ ಅತಿ ನಯವಾದ ಕಲ್ಲೇ ಬೇಕು. ಅದರ ಬೆನ್ನೂ ಬಾಯೂ ಒಟ್ಟಿಗೆ ಕಲ್ಲಿಗೆ ತಗಲುವಂತೆ ಮಲಗಿಸಿ, ಬಾಯಿ ಮುಂದಾಗಿ ಮೆಲ್ಲಗೆ ಎಳೆಯಬೇಕು. ಕಡೆಗೆ ತೊಗಲಿನ ಪಟ್ಟಿಯ ಮೇಲೆ ಬೆನ್ನು ಮುಂದಾಗಿ ಎಳೆಯಬೇಕು. ಸಾಣೆಯಿಂದ ಕತ್ತಿಯು ಹರಿತವಾಗುವುದೇ ಹೊರತು ಶುದ್ಧವಾಗದು. ಒಬ್ಬರಿಗೆ ಬಳಸಿದ ಅಲಗಿನಿಂದ ರಕ್ತದ ರೋಗಗಳು ಮತ್ತೊಬ್ಬರಿಗೆ ಹರಡಬಹುದು.

ತಿರುಗುವ ಚಕ್ರಕ್ಕೆ ಒಣ ಅಲಗನ್ನು ಒತ್ತಿ ಹಿಡಿಯಬಾರದು. ಅಲಗು ಕಾದು ನೀಲಿ ಬಣ್ಣಕ್ಕೆ ತಿರುಗಿದರೆ ಉಕ್ಕಿನ ಹದ ಕೆಟ್ಟಿತೆಂದೇ ಅರ್ಥ. ಮರಳುಗಲ್ಲಿನ ಒಣ ಧೂಳು ಶ್ವಾಸಕೋಶಕ್ಕೆ ಹಾನಿಕರವಾದುದರಿಂದಲೂ ನೀರು ಹಾಕಿಯೇ ಮಸೆಯುವುದು ಅವಶ್ಯ.

ಸಂರಕ್ಷಣೆ: ನೀರಿನ ಕಲ್ಲಿಗೆ ಎಣ್ಣೆ ಸೋಕಿಸಬಾರದು, ಎಣ್ಣೆ ಕುಡಿದ ಕಲ್ಲು ಮುಂದೆ ನೀರು ಹಿಡಿಯದು. ಕೆಲಸ ತೀರಿದ ಮೇಲೆ ತೊಳೆದು ನೆರಳಿನಲ್ಲಿ ಆರಿಸಿ, ಮರದ ಪೆಟ್ಟಿಗೆಯಲ್ಲಿಡಬೇಕು. ಒಂದೇ ಕಡೆ ಮಸೆದು ಕಲ್ಲಿನ ನಡುವೆ ಹಳ್ಳ ಬಿದ್ದಲ್ಲಿ, ಸಪಾಟಾದ ಫರಸಿಯ ಮೇಲೆ ಮರಳು, ನೀರು ಹಾಕಿ ಕಲ್ಲನ್ನು ಅದಕ್ಕೆ ಉಜ್ಜಿದರೆ ಮಟ್ಟವಾಗುವುದು. ಸಾಣೆಗೆ ಬಾರದ ಫರಸಿಯು ಸಾಣೆಕಲ್ಲನ್ನು ತಿದ್ದುವುದಕ್ಕೆ ಹೀಗೆ ಒದಗುವುದು.

ಊರಿನ ಗೌಡರೂ ಹಿರಿಯರೂ ಕೊಯ್ಲಿಗೆ ಮುಂಚಿತವಾಗಿಯೇ ಒರಟು, ನಯ ಎಂಬ ಎರಡು ಬಗೆಯ ಕಲ್ಲುಗಳನ್ನು ತರಿಸಿಟ್ಟರೆ ಬಡ ಒಕ್ಕಲಿಗರಿಗೂ ಕೂಲಿಯಾಳುಗಳಿಗೂ ಬಹಳ ಅನುಕೂಲವಾಗುವುದು.