ಅರಳುಮರಳು ಎಂದು ಸುಮ್ಮನಾಗುವ ಮುನ್ನ

ಮೊನ್ನೆಯವರೆಗೂ ಮೊಮ್ಮಗ ಮಗ್ಗಿ ತಪ್ಪಿದರೆ ಅಡುಗೆಮನೆಯಿಂದಲೇ ತಿದ್ದುತ್ತಿದ್ದ ಅಜ್ಜಿ ಅವರು. ಇವತ್ತು ಸಂಜೆ ಅದೇ ಮೊಮ್ಮಗನನ್ನು ‘ಯಾವೂರಪ್ಪಾ ನಿಂದು?’ ಎಂದು ಕೇಳುತ್ತಾರೆ. ರಾತ್ರಿಯೆಲ್ಲ ನಿದ್ದೆಯಿಲ್ಲ. ಎಂದೋ ತೀರಿಕೊಂಡ ಅಣ್ಣ ಬಾಗಿಲಲ್ಲಿ ನಿಂತಿದ್ದಾನೆ, ಒಳಗೆ ಕರೆಯಿರಿ ಎನ್ನುತ್ತಾರೆ. ‘ಅರವತ್ತಕ್ಕೇ ಅರಳುಮರಳು ಅಂತಾರೆ, ಅತ್ತೆಗೆ ಎಪ್ಪತ್ತೆಂಟಾಯ್ತಲ್ಲ’ ಎಂದು ಸೊಸೆ ಸಮಾಧಾನ ಮಾಡಿಕೊಳ್ಳುತ್ತಾಳೆ.

ಎಷ್ಟೋ ಮನೆಗಳಲ್ಲಿ ಕಾಣುವ ದೃಶ್ಯ ಇದು. ಆದರೆ ಅರಳುಮರಳು ಎರಡೇ ದಿನದಲ್ಲಿ ಬರುವಂಥದ್ದಲ್ಲ. ಮುಪ್ಪಿನ ಮರೆವು ತಿಂಗಳು, ವರ್ಷಗಳಲ್ಲಿ ಮೆಲ್ಲಗೆ ಕವಿಯುತ್ತದೆ. ಒಂದೆರಡು ದಿನಗಳಲ್ಲೇ ಬುದ್ಧಿ ಕದಡುವುದು, ಬೆಳಿಗ್ಗೆ ಸರಿಯಿದ್ದು ಸಂಜೆ ಹದಗೆಡುವುದು ಬೇರೆಯೇ ಸ್ಥಿತಿ. ವೈದ್ಯರು ಇದನ್ನು ಡೆಲಿರಿಯಂ ಎನ್ನುತ್ತಾರೆ. ದೇಹದಲ್ಲಿ ಎಲ್ಲೋ ಏನೋ ಕೆಟ್ಟಿದೆ ಎಂಬುದರ ಸೂಚನೆ ಅದು. ಹಾಗೆ ಕೆಡುವ ಸಂಗತಿಗಳಲ್ಲಿ ಮೂತ್ರನಾಳದ ಸೋಂಕೂ ಒಂದು.

ಹರೆಯದವರಲ್ಲಿ ಈ ಸೋಂಕನ್ನು ಗುರುತಿಸುವುದು ಸುಲಭ. ಉರಿ, ಪದೇ ಪದೇ ಅವಸರ, ಕೆಳಹೊಟ್ಟೆಯ ನೋವು. ವಯಸ್ಸಾದವರಲ್ಲಿ ಇವು ಸ್ಪಷ್ಟವಾಗಿ ಕಾಣದಿರಬಹುದು, ಜ್ವರವೂ ಏರದಿರಬಹುದು. ಊಟ ಬೇಡವೆನ್ನುವುದು, ಮಂಕಾಗಿ ಮಲಗಿಯೇ ಇರುವುದು, ಎಂದೂ ಇಲ್ಲದವರು ಬಟ್ಟೆ ಒದ್ದೆ ಮಾಡಿಕೊಳ್ಳುವುದು, ನಡೆಯುವಾಗ ತತ್ತರಿಸುವುದು, ಇಷ್ಟೇ ಕಾಣಬಹುದು. ಜೊತೆಗೆ ಸಂಕೋಚ ಬೇರೆ. ಮಗನ ಮುಂದೆ ಹೇಳುವುದು ಹೇಗೆ ಎಂದು ಅಜ್ಜಿ ನುಂಗಿಕೊಳ್ಳುತ್ತಾರೆ. ‘ಉಷ್ಣ ಆಗಿದೆ’ ಎಂದು ಜೀರಿಗೆ ನೀರು, ಎಳನೀರು ಕುಡಿಯುತ್ತಾರೆ. ಎಳನೀರಲ್ಲಿ ತಪ್ಪೇನಿಲ್ಲ, ಅದನ್ನೇ ನಂಬಿ ನಾಲ್ಕು ದಿನ ಕಳೆಯುವುದು ತಪ್ಪು.

ಈ ಸೋಂಕಿಗೆ ಹೆಚ್ಚಾಗಿ ಕಾರಣ ನಮ್ಮ ಕರುಳಿನಲ್ಲೇ ಇರುವ ಇ. ಕೋಲೈ ಎಂಬ ಬ್ಯಾಕ್ಟೀರಿಯಾ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಈಸ್ಟ್ರೋಜನ್ ಹಾರ್ಮೋನು ಇಳಿಯುತ್ತದೆ, ಅದರೊಂದಿಗೆ ಮೂತ್ರದ್ವಾರದ ಸುತ್ತಲಿನ ಸಹಜ ರಕ್ಷಣೆಯೂ ಕುಗ್ಗುತ್ತದೆ. ಅಜ್ಜಂದಿರಲ್ಲಿ ಪ್ರಾಸ್ಟೇಟ್ ಗ್ರಂಥಿ ಊದಿ ಮೂತ್ರ ಪೂರ್ತಿ ಹೋಗದೆ ಉಳಿಯುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ, ಕ್ಯಾಥೆಟರ್ ಹಾಕಿಸಿಕೊಂಡವರಿಗೆ ಅಪಾಯ ಇನ್ನೂ ಹೆಚ್ಚು.

ಹಾಗೆಂದು ತೊದಲಿದ ಅಜ್ಜಿಗೆಲ್ಲ ಮೂತ್ರದ ಸೋಂಕೇ ಎಂದು ತೀರ್ಮಾನಿಸುವುದೂ ಸಲ್ಲ. ರಕ್ತದಲ್ಲಿ ಸೋಡಿಯಂ ಅಥವಾ ಸಕ್ಕರೆ ಇಳಿದಿದ್ದರೆ, ನೀರು ಸಾಲದಿದ್ದರೆ, ಮಲಬದ್ಧತೆಯಿದ್ದರೆ, ಹೊಸ ಮಾತ್ರೆ ಒಗ್ಗದಿದ್ದರೆ, ನ್ಯುಮೋನಿಯಾ ಆಗಿದ್ದರೆ ಕೂಡ ಬುದ್ಧಿ ಹೀಗೆಯೇ ಕದಡಬಹುದು. ಇನ್ನೊಂದು ತೊಡಕೂ ಇದೆ. ಯಾವ ತೊಂದರೆಯೂ ಇಲ್ಲದ ಅನೇಕ ವೃದ್ಧರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇದ್ದೇ ಇರುತ್ತವೆ. ಅವರಿಗೆ ಸಾಮಾನ್ಯವಾಗಿ ಔಷಧಿ ಬೇಕಿಲ್ಲ. ವರದಿಯ ಒಂದು ಸಾಲನ್ನೋ ಮೂತ್ರದ ವಾಸನೆಯನ್ನೋ ನೋಡಿ ಔಷಧಿ ಅಂಗಡಿಯಿಂದ ಆಂಟಿಬಯೋಟಿಕ್ ತಂದು ನುಂಗಿಸುವ ಅಭ್ಯಾಸದಿಂದ, ನಿಜವಾಗಿ ಬೇಕಾದ ದಿನ ಅದೇ ಔಷಧಿ ಕೆಲಸ ಮಾಡದೆ ಹೋಗಬಹುದು. ಸಾಧ್ಯವಿದ್ದಷ್ಟೂ ಮೊದಲ ಮಾತ್ರೆಗೆ ಮುಂಚೆಯೇ ಕಲ್ಚರ್ ಪರೀಕ್ಷೆಗೆ ಮೂತ್ರ ಕೊಡಬೇಕು. ವರದಿಗೆ ಎರಡು ಮೂರು ದಿನ ಹಿಡಿಯುತ್ತದೆ. ಕಾಯಿಲೆ ಜೋರಾಗಿದ್ದರೆ ವೈದ್ಯರು ಅಷ್ಟು ಕಾಯದೆ ಚಿಕಿತ್ಸೆ ಶುರುಮಾಡುತ್ತಾರೆ.

ವೈದ್ಯರು ಮೊದಲು ಕೇಳುವುದು, ‘ಯಾವಾಗಿನಿಂದ ಹೀಗೆ?’ ಉತ್ತರ ಹಲವು ಬಾರಿ ಅಜ್ಜಿಯ ಕೋಣೆಯಲ್ಲೇ ಓದುತ್ತ ಮಲಗುವ ಮಕ್ಕಳ ಬಳಿ ಇರುತ್ತದೆ. ಎಷ್ಟು ಸಲ ಎದ್ದರು, ಏನು ಮಾತಾಡಿದರು, ತಟ್ಟೆಯಲ್ಲಿ ಎಷ್ಟು ಬಿಟ್ಟರು ಎಂಬುದನ್ನು ಅವರು ಕಂಡಿರುತ್ತಾರೆ. ಪರೀಕ್ಷೆ ಹತ್ತಿರವಿದ್ದರೂ ಆ ಮಗುವನ್ನೊಮ್ಮೆ ಕೇಳುವುದು ಒಳ್ಳೆಯದು. ನಡುಕ, ಏದುಸಿರು, ಕರೆದರೂ ಕಣ್ಣು ತೆರೆಯದಿರುವುದು, ಮೂತ್ರ ಕಟ್ಟುವುದು, ಬಾಯಿ ಸೊಟ್ಟಗಾಗುವುದು ಕಂಡರೆ ಬೆಳಗಾಗಲಿ ಎನ್ನದೆ ಆಸ್ಪತ್ರೆಗೆ ಒಯ್ಯಬೇಕು.

ರಾತ್ರಿ ಏಳಬೇಕಾದೀತು ಎಂಬ ಭಯಕ್ಕೆ ನೀರನ್ನೇ ಬಿಡುವ ಹಿರಿಯರಿದ್ದಾರೆ. ಹಗಲಲ್ಲಿ ಆಗಾಗ ಲೋಟ ತುಂಬಿಸಿ ಕೊಟ್ಟು, ಬಚ್ಚಲ ದಾರಿಗೊಂದು ಚಿಕ್ಕ ದೀಪ ಹಾಕಿಟ್ಟರೆ ಆ ಭಯ ಅರ್ಧ ಇಳಿಯುತ್ತದೆ. ಹೃದಯ, ಮೂತ್ರಪಿಂಡದ ಕಾಯಿಲೆಯವರು ಮಾತ್ರ ನೀರಿನ ಅಳತೆಯನ್ನು ವೈದ್ಯರಲ್ಲಿ ಕೇಳಿಕೊಳ್ಳಬೇಕು. ಇನ್ನು ಸೋಂಕು ವಾಸಿಯಾದ ಮರುದಿನವೇ ಅಜ್ಜಿ ಮಗ್ಗಿ ತಿದ್ದಲಿಕ್ಕಿಲ್ಲ. ಮನಸ್ಸು ತಿಳಿಯಾಗಲು ಕೆಲವರಿಗೆ ವಾರಗಳೇ ಬೇಕಾಗುತ್ತವೆ. ಅಲ್ಲಿಯವರೆಗೆ ಕನ್ನಡಕ ಕೈಗೆಟುಕುವಂತಿರಲಿ, ಗಡಿಯಾರ ಕಣ್ಣಿಗೆ ಬೀಳುವಂತಿರಲಿ. ಬಾಗಿಲಲ್ಲಿ ಅಣ್ಣ ನಿಂತಿದ್ದಾನೆಂದರೆ ವಾದಕ್ಕಿಳಿಯದೆ ಪಕ್ಕದಲ್ಲಿ ಒಬ್ಬರು ಕುಳಿತರೆ ಸಾಕು.