ಸಾಲೊಮಾಗೆ ರೇವಿನಿಂದ ಹೋದವನ ಮಗ

ಪರದೇಶಗಳಲ್ಲಿ ನೆಲೆಸಿ ಊರು ನೋಡಲು ಬರುವ ತಮ್ಮವರನ್ನು ಫಿಲಿಪ್ಪೀನ್ಸ್ ದೇಶದ ಜನ 'ಬಾಲಿಕ್‌ಬಾಯನ್' ಎಂದು ಕರೆಯುತ್ತಾರೆ. 'ಬಾಲಿಕ್' ಎಂದರೆ ಮರಳುವುದು. 'ಬಾಯನ್' ಎಂದರೆ ಊರು, ನಾಡು. 1973ರಲ್ಲಿ ಅಲ್ಲಿಯ ಸರ್ಕಾರ ಇಂಥವರ ಬರವಿಗೆಂದೇ ಒಂದು ಯೋಜನೆಯನ್ನು ಹೂಡಿದ ಮೇಲೆ ಈ ಮಾತು ಮನೆಮಾತಾಯಿತು. ಮಾತೇನೋ ಸೊಗಸಾಗಿದೆ. ಆದರೆ ಹೊರಗೇ ಹುಟ್ಟಿ, ಹೊರಗೇ ಬೆಳೆದು, ತಂದೆಯ ಊರನ್ನು ಅರುವತ್ತೆಂಟನೆಯ ವಯಸ್ಸಿನಲ್ಲಿ ಮೊದಲ ಸಲ ಕಾಣಬಂದವನು ಮರಳುವುದಾದರೂ ಎಲ್ಲಿಗೆ?

2019ರ ಅಕ್ಟೋಬರ್ ತಿಂಗಳ ಕೊನೆಯಲ್ಲಿ ಇಂತಹ ದಂಪತಿಗಳ ಜೊತೆಗೂಡಿ ಲುಝಾನ್ ದ್ವೀಪದ ವಾಯವ್ಯ ಮೂಲೆಯ ಇಲೊಕೋಸ್ ಸೀಮೆಯಲ್ಲಿ ಹತ್ತು ದಿನ ಸುತ್ತಾಡುವ ಸಂದರ್ಭ ನನಗೊದಗಿತು. ನಾನು ಹೊನೊಲುಲುವಿನಲ್ಲಿದ್ದ ಕಾಲದಲ್ಲಿ ಅವರು ನನ್ನ ನೆರೆಮನೆಯವರು. ಆತ ಬಸ್ಸಿನ ಚಾಲಕರಾಗಿದ್ದು ನಿವೃತ್ತರಾದವರು, ಆಕೆ ದಾದಿಯಾಗಿದ್ದವರು. ಹೆಸರು ಬೇಡವೆಂದು ಇಬ್ಬರೂ ಕೇಳಿಕೊಂಡಿರುವುದರಿಂದ 'ಯಜಮಾನರು', 'ಆಕೆ' ಎಂದೇ ಹೇಳುತ್ತೇನೆ.

ಇಲೊಕೋಸ್ ಸೀಮೆಯನ್ನು ಭೂಪಟದಲ್ಲಿ ನೋಡಿದರೆ ಅಲ್ಲಿಯ ಜನ ಏಕೆ ಗುಳೆ ಹೋದರೆಂಬುದು ಅರ್ಧ ತಿಳಿದಂತೆಯೇ. ಪಡುವಣಕ್ಕೆ ಸಮುದ್ರ, ಮೂಡಣಕ್ಕೆ ಕೊರ್ಡಿಯೆರಾ ಪರ್ವತಶ್ರೇಣಿ. ಇವೆರಡರ ನಡುವೆ ಸೀರೆಯ ಅಂಚಿನಷ್ಟೇ ನೆಲ. ಮಕ್ಕಳು ಹೆಚ್ಚಿದಂತೆಲ್ಲ ಹೊಲ ಹರಿದು ಹಂಚಿಹೋಗುತ್ತದೆ. ಹವಾಯಿಯ ಕಬ್ಬಿನ ತೋಟಗಳ ಒಡೆಯರಿಗೆ ಇಂತಹ ಜನವೇ ಬೇಕಾಗಿದ್ದಿತು. 1906ರ ಡಿಸೆಂಬರ್ ತಿಂಗಳಲ್ಲಿ 'ಡೋರಿಕ್' ಎಂಬ ಹಡಗಿನಿಂದ ಹೊನೊಲುಲುವಿನಲ್ಲಿ ಇಳಿದ ಮೊದಲ ತಂಡದಲ್ಲಿದ್ದವರು ಕೇವಲ 15 ಮಂದಿ. ಅಂದಿನಿಂದ 1946ರವರೆಗೆ ಹೀಗೆ ಹೋದವರ ಸಂಖ್ಯೆ ಸುಮಾರು 1,25,000. ಇವರಿಗೆ 'ಸಕಾದಾ'ಗಳೆಂದು ಹೆಸರು. ಬಹುಪಾಲು ಒಂಟಿ ಗಂಡಸರು, ಬಹುಪಾಲು ಇಲೊಕೋಸಿನವರು. ತೋಟದಲ್ಲಿ ಪ್ರತಿಯೊಬ್ಬನಿಗೂ ಸಂಖ್ಯೆ ಕೊರೆದ ಲೋಹದ ಬಿಲ್ಲೆಯೊಂದನ್ನು ಕೊಡುತ್ತಿದ್ದರು. ಸಂಬಳದ ದಿನ ತಂದೆತಾಯಿ ಇಟ್ಟ ಹೆಸರಿಗಿಂತ ಆ ಬಿಲ್ಲೆಗೇ ಬೆಲೆ. ಕೂಲಿ ಹೆಚ್ಚಿಸಿರೆಂದು ಕೇಳಿದ್ದಕ್ಕೆ 1924ರ ಸೆಪ್ಟೆಂಬರಿನಲ್ಲಿ ಕವಾಯ್ ದ್ವೀಪದ ಹನಾಪೇಪೆ ಎಂಬಲ್ಲಿ ನಡೆದ ಘರ್ಷಣೆಯಲ್ಲಿ 16 ಮಂದಿ ಮುಷ್ಕರಗಾರರೂ 4 ಮಂದಿ ಪೊಲೀಸರೂ ಸತ್ತರು.

ಯಜಮಾನರ ತಂದೆ ಹೋದದ್ದು ಕೊನೆಯ ತಂಡದಲ್ಲಿ. ಯುದ್ಧ ಮುಗಿದು ಊರೆಲ್ಲ ಬೂದಿಯಾಗಿದ್ದ 1946ರಲ್ಲಿ ತೋಟದ ಒಡೆಯರು ಸುಮಾರು 6,000 ಗಂಡಸರನ್ನು ಒಟ್ಟಿಗೆ ಕರೆಸಿಕೊಂಡರು. ಹವಾಯಿಯಲ್ಲಿ ಮುಷ್ಕರದ ಗಾಳಿ ಬೀಸುತ್ತಿದ್ದುದರಿಂದ ಹೊಸಬರು ಕೈಗಾವಲಿಗಾದಾರೆಂಬುದು ಅವರ ಎಣಿಕೆ. ಆದರೆ ಕಾರ್ಮಿಕ ಸಂಘದವರು ಹಡಗಿನ ಕೆಲಸಗಾರರಾಗಿಯೇ ಒಳಸೇರಿದ್ದರು. ಪ್ರಯಾಣ ಮುಗಿಯುವುದರೊಳಗೆ ಹೊಸಬರನ್ನು ಸಂಘಕ್ಕೆ ಸೇರಿಸಿಕೊಳ್ಳಲು ತೊಡಗಿದ್ದರು. ಆ ವರ್ಷವೇ ಸೆಪ್ಟೆಂಬರಿನಲ್ಲಿ ಮೊದಲಾದ ಮುಷ್ಕರ 79 ದಿನ ನಡೆದು ಕೂಲಿಕಾರರೇ ಗೆದ್ದರು. ಈ ಕಥೆಯನ್ನು ಹೇಳುವಾಗ ಯಜಮಾನರು ತಾವೇ ಮುಷ್ಕರ ಹೂಡಿದವರಂತೆ ಎದೆಯುಬ್ಬಿಸುತ್ತಾರೆ; ಅವರಾಗ ಹುಟ್ಟಿಯೇ ಇರಲಿಲ್ಲ.

ಮನಿಲಾದಿಂದ ವೀಗಾನ್ ಪಟ್ಟಣಕ್ಕೆ ಬಸ್ಸಿನಲ್ಲಿ ಸುಮಾರು 400 ಕಿಲೊಮೀಟರು. ಕೆಳಗೆ ಕಲ್ಲು, ಮೇಲೆ ಮರ, ಕಿಟಕಿಗಳಿಗೆ ಗಾಜಿನ ಬದಲು ಕಪ್ಪೆಚಿಪ್ಪು. ಸ್ಪೇನಿನವರ ಆಳಿಕೆಯ ಕಾಲದ ಇಂತಹ ಮನೆಗಳ ಬೀದಿಗಳು ಅಲ್ಲಿ ಇಡಿಯಾಗಿ ಉಳಿದಿವೆ. 1999ರಲ್ಲಿ ಯುನೆಸ್ಕೋ ಸಂಸ್ಥೆ ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಆಕೆಯ ಅಜ್ಜ ಅಲ್ಲಿಯವರು. ಮನೆತನದ ಹೆಸರು ಹಿಡಿದು ಹುಡುಕೋಣವೆಂದರೆ ಆ ನಾಡಿನಲ್ಲಿ ಅದು ಅಷ್ಟು ಸುಲಭವಲ್ಲ. 1849ರಲ್ಲಿ ಗವರ್ನರ್ ಜನರಲ್ ಕ್ಲಾವೆರಿಯಾ ಎಂಬಾತ ಅಕಾರಾದಿಯಾದ ಹೆಸರುಗಳ ಪುಸ್ತಕವೊಂದನ್ನು ಮಾಡಿಸಿ, ಊರೂರಿಗೂ ಅದರಿಂದ ಮನೆತನದ ಹೆಸರುಗಳನ್ನು ಹಂಚಿಸಿದ. ಒಂದೇ ಅಕ್ಷರದಿಂದ ಆರಂಭವಾಗುವ ಹೆಸರುಗಳ ಊರುಗಳು ಇಂದಿಗೂ ಉಂಟು. ತೆರಿಗೆಯ ಲೆಕ್ಕಕ್ಕೆಂದು ಬಂದ ಹೆಸರು ರಕ್ತಸಂಬಂಧವನ್ನು ಹೇಳುವುದೆಂತು? ಕಡೆಗೆ ಹಳೆಯ ಭಾವಚಿತ್ರವೊಂದರ ನೆರವಿನಿಂದ ಆಕೆಗೆ ಮಗ್ಗದಲ್ಲಿ 'ಆಬೆಲ್' ಬಟ್ಟೆ ನೇಯುವ ದಾಯಾದಿ ಅಕ್ಕನೊಬ್ಬಳು ಸಿಕ್ಕಿದಳು. ಊಟವಾಯಿತು, ಹೊದಿಕೆಯೊಂದು ಉಡುಗೊರೆಯಾಗಿ ಬಂದಿತು, ನಗುವೂ ಅಳುವೂ ಆದವು. ಅದು ಬರಿಯ ಸಂತೋಷದ ಭೇಟಿ. ಅದರ ವಿಷಯ ಇಷ್ಟು ಸಾಕು.

ವೀಗಾನಿನಿಂದ ಉತ್ತರಕ್ಕೆ ಹೋಗುವಾಗ ಕಬೂಗಾವ್ ಎಂಬ ಊರಿನ ಬಳಿ ಸಾಲೊಮಾಗೆ ರೇವು. ತಂದೆಯನ್ನು ಕೊಂಡೊಯ್ದ 'ಮಾವ್ನವೀಲಿ' ಹಡಗು ನಿಂತಿದ್ದುದು ಇಲ್ಲಿಯೇ. ಯಜಮಾನರು ದಡದಲ್ಲಿ ಸ್ವಲ್ಪ ಹೊತ್ತು ನಿಂತರು. ಏನನ್ನೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ತಂದೆಯ ಹಳ್ಳಿ ಪಾವಾಯ್ ಪಟ್ಟಣಕ್ಕೆ ಸಮೀಪ. 1710ರಲ್ಲಿ ಕಟ್ಟಿ ಮುಗಿಸಿದ ಅಲ್ಲಿಯ ಇಗರ್ಜಿ ಹವಳದ ಕಲ್ಲು, ಇಟ್ಟಿಗೆಗಳ ಮಹಾಕಟ್ಟಡ. ಭೂಕಂಪಕ್ಕೆ ಅಳುಕದಂತೆ ಆನೆಗಳು ಒರಗಿ ನಿಂತ ಹಾಗೆ ಸುತ್ತಲೂ ಆಸರೆಗೋಡೆಗಳು. ಬತ್ತದ ಕೊಯ್ಲು ಅಲ್ಲಲ್ಲಿ ಮುಗಿದು ಬೆಳ್ಳುಳ್ಳಿಯ ನಾಟಿಗೆ ನೆಲ ಹದವಾಗುತ್ತಿದ್ದಿತು. ಮನೆಯ ಮುಂದೆ ಬಿದಿರಿನ ಮಂಚದ ಮೇಲೆ ಎಂಬತ್ತೆಂಟು ವರ್ಷದ ಸೋದರತ್ತೆ ಕಾದು ಕುಳಿತಿದ್ದರು. ಅಣ್ಣ ಹಡಗು ಹತ್ತಿದಾಗ ಆಕೆಗೆ ಹದಿನೈದು. ಯಜಮಾನರು ಬಾಗಿ, ಅಲ್ಲಿಯ ಪದ್ಧತಿಯಂತೆ, ಅತ್ತೆಯ ಕೈಯನ್ನೆತ್ತಿ ಹಣೆಗೊತ್ತಿಕೊಂಡರು. ಆ ಮುದುಕಿ ಇವರ ಗಲ್ಲ ಹಿಡಿದು, ಮುಖವನ್ನು ಬೆಳಕಿಗೆ ತಿರುಗಿಸಿ, ಬಹಳ ಹೊತ್ತು ನೋಡಿ "ರೂಪ" ಎಂದರು. ನಾನು ಬೆಚ್ಚಿದೆ. ಇಲೊಕಾನೋ ಭಾಷೆಯಲ್ಲಿ ಮುಖಕ್ಕೆ 'ರೂಪ' ಎಂದೇ ಹೆಸರು. ಮನಿಲಾ ಕಡೆಯ ತಗಾಲೋಗ್ ಭಾಷೆಯಲ್ಲಿ ಅದು 'ಮುಖಾ'. ಎರಡೂ ಸಂಸ್ಕೃತ ಶಬ್ದಗಳೇ. ಸಮುದ್ರ ದಾಟಿ, ನಾಲಗೆಯಿಂದ ನಾಲಗೆಗೆ ಹಾರಿ, ಈ ಮುದುಕಿಯ ಬಾಯಿಗೆ ಬಂದು ನಿಂತಿವೆ.

"ಅನಕ್ಕೋ, ರೂಪ ಅಣ್ಣನದೇ. ಮಾತೂ ಅಣ್ಣನದೇ," ಎಂದರು ಅತ್ತೆ. ಮಾತಿನ ವಿಷಯದಲ್ಲಿ ಅದು ಅಕ್ಷರಶಃ ನಿಜ. ತಂದೆ 1946ರಲ್ಲಿ ಕಟ್ಟಿಕೊಂಡು ಹೋದ ಇಲೊಕಾನೋ ಭಾಷೆಯನ್ನೇ ಮಗ ಕಲಿತಿದ್ದರು. ಊರಿನ ಭಾಷೆ ಆಮೇಲೆ ತಗಾಲೋಗನ್ನೂ ಇಂಗ್ಲಿಷನ್ನೂ ಬೆರೆಸಿಕೊಂಡು ಮುಂದೆ ನಡೆದಿತ್ತು. ಅಮೆರಿಕದಿಂದ ಬಂದವರು ಮುತ್ತಜ್ಜನಂತೆ ಮಾತಾಡುವುದನ್ನು ಕೇಳಿ ಶಾಲೆಯ ಮಕ್ಕಳು ಬಾಯಿಗೆ ಕೈಯಡ್ಡವಿಟ್ಟು ನಗುತ್ತಿದ್ದರು.

ಊಟ ಮುಗಿದು ಕೈ ತೊಳೆದ ಮೇಲೆ, ಯಾರೂ ಕೇಳದೆಯೇ, ಅತ್ತೆಯ ಮಗ ಒಳಗಿನಿಂದ ಬಿಸ್ಕತ್ತಿನ ತಗಡಿನ ಡಬ್ಬಿಯೊಂದನ್ನು ತಂದು ಯಜಮಾನರ ಮುಂದಿಟ್ಟ. ತುಂಬ ರಸೀತಿಗಳು. ತಂದೆ 1950ರ ದಶಕದಲ್ಲಿ ಹವಾಯಿಯಿಂದ ಕಳಿಸಿದ ಹಣದಿಂದ ಮುಕ್ಕಾಲು ಹೆಕ್ಟೇರು ಗದ್ದೆಯನ್ನು ಅವರ ಹೆಸರಿಗೇ ಕೊಂಡಿದ್ದರು. ಅದನ್ನು ಉತ್ತು ಬಿತ್ತುತ್ತ ಬಂದವರು ಅತ್ತೆಯ ಗಂಡ, ಬಳಿಕ ಈ ಮಗ. ಕಂದಾಯವೂ ತಂದೆಯ ಹೆಸರಿನಲ್ಲೇ ಸಂದಾಯವಾಗಿತ್ತು. "ಒಂದು ವರ್ಷವೂ ತಪ್ಪಿಲ್ಲ, ಮಾನೊಂಗ್," ಎಂದ ಆತ. 'ಮಾನೊಂಗ್' ಎಂದರೆ ಅಣ್ಣ.

ಯಜಮಾನರು ಹಳೆಯ ಕಾಗದಗಳನ್ನು ಕಂಡು ಹಿಗ್ಗಿ ಒಂದೊಂದನ್ನೂ ಚಿತ್ರ ತೆಗೆದುಕೊಳ್ಳತೊಡಗಿದರು. ಪ್ರತಿ ಸಲ ಕ್ಯಾಮರಾ ಎತ್ತಿದಾಗಲೂ ಆತನ ಮುಖ ಇನ್ನಷ್ಟು ಬಿಗಿಯಾಗುತ್ತಿದ್ದುದನ್ನು ಕಂಡವರು ಆಕೆ. ಅವನ ಅಳುಕು ಬರಿಯ ಅಳುಕಲ್ಲ. ಆ ದೇಶದಲ್ಲಿ ಪರದೇಶೀಯರು ನೆಲ ಕೊಳ್ಳುವಂತಿಲ್ಲ; ಆದರೆ ಪಿತ್ರಾರ್ಜಿತವಾಗಿ ಬರುವ ನೆಲಕ್ಕೆ 1987ರ ಸಂವಿಧಾನವೇ ವಿನಾಯಿತಿ ಕೊಟ್ಟಿದೆ. ನಗುನಗುತ್ತ ಬಂದವರು ಗದ್ದೆ ಮಾರಿ ಹೊರಟುಹೋಗಲು ತಡೆಯೇನಿದೆ?

ಆ ರಾತ್ರಿ ಆಕೆ ಇದನ್ನು ಬಿಡಿಸಿ ಹೇಳಿದಾಗ ಯಜಮಾನರಿಗೆ ಸಿಟ್ಟು ಬಂದಿತು. "ನಾನು ನೆಲ ಕೇಳಲು ಬಂದೆನೇ?"

"ಕೇಳಲಿಲ್ಲ. ಬೇಡವೆಂದೂ ಹೇಳಲಿಲ್ಲವಲ್ಲ," ಎಂದರು ಆಕೆ.

ಮರುದಿನ ನವೆಂಬರ್ 1, ಕ್ರೈಸ್ತರ ಸಕಲ ಸಂತರ ದಿನ. ಊರಿಗೆ ಊರೇ ಗೋರಿಗಳಿಗೆ ಸುಣ್ಣ ಬಳಿದು, ದೀಪ ಹಚ್ಚಿ, ಸ್ಮಶಾನದಲ್ಲೇ ಹಗಲು ಕಳೆಯುತ್ತದೆ. ಇಲೊಕಾನೋ ಜನ ಅಂದು ಸತ್ತವರಿಗೆ 'ಅತಂಗ್' ಇಡುತ್ತಾರೆ. ನಮ್ಮ ಪಿತೃಪಕ್ಷದ ಎಡೆಯೇ ಸರಿ: ಅಕ್ಕಿಯ ಕಜ್ಜಾಯ, ಬೇಯಿಸಿದ ಮೊಟ್ಟೆ, ಹೊಗೆಸೊಪ್ಪು, ಕಬ್ಬಿನ ರಸದಿಂದ ಮಾಡಿದ 'ಬಾಸಿ' ಎಂಬ ಮದ್ಯ, ಕಡೆಯಲ್ಲಿ ಎಲೆ ಅಡಿಕೆ. ಬಾಸಿಯ ಮೇಲೆ ಇವರಿಗೆಷ್ಟು ಅಭಿಮಾನವೆಂದರೆ, ಸರ್ಕಾರ ಅದರ ತಯಾರಿಕೆಗೆ ಅಡ್ಡಬಂದಿತೆಂದು 1807ರಲ್ಲಿ ದಂಗೆಯೆದ್ದಿದ್ದರು. ಅತ್ತೆ ತಮ್ಮ ತಂದೆತಾಯಿಯರ ಗೋರಿಯ ಮೇಲೆ ಎರಡು ತಟ್ಟೆಗಳನ್ನಿಟ್ಟು, ಪಕ್ಕದ ಬರಿಯ ನೆಲದ ಮೇಲೆ ಮೂರನೆಯದನ್ನೂ ಇಟ್ಟರು. ಅದು ಹೊನೊಲುಲುವಿನಲ್ಲಿ ಮಣ್ಣಾದ ಅಣ್ಣನಿಗೆ. ತೀರಿದ ಸುದ್ದಿ ಮುಟ್ಟಿದ ವರ್ಷದಿಂದ ಅದು ನಡೆದು ಬಂದಿದೆಯಂತೆ. ಮಗನಿಗೆ ಇದು ಗೊತ್ತೇ ಇರಲಿಲ್ಲ.

ಸ್ಮಶಾನದಿಂದ ಬಂದವರೇ ಯಜಮಾನರು ಭಾವಮೈದುನನನ್ನು ಕರೆದು, ಗದ್ದೆ ನಿನ್ನದೇ, ಬರೆದುಕೊಡುತ್ತೇನೆಂದರು. ಆತ ಕುಣಿದಾಡಿಯಾನೆಂದು ಎಣಿಸಿದ್ದೆವು. ಆತ ತಲೆಯಾಡಿಸಿಬಿಟ್ಟ. ಸುಮ್ಮನೆ ಕೊಟ್ಟರೆ ಬೇಡ. ಬೆಲೆ ಹೇಳಬೇಕು, ವರ್ಷವರ್ಷವೂ ತೀರಿಸುತ್ತೇನೆ. ಅಲ್ಲಿಯವರು 'ಉತಾಂಗ್ ನಾ ಲೋಒಬ್' ಎನ್ನುವ, ಮನಸ್ಸಿನೊಳಗಣ ಋಣ ಹಣದ ಸಾಲಕ್ಕಿಂತ ಭಾರವಾದುದು. ಅದು ಮಕ್ಕಳ ಕಾಲಕ್ಕೂ ತೀರದು. ಕೊಡುವವನ ಉದಾರತೆ ಪಡೆಯುವವನ ಬೆನ್ನು ಬಗ್ಗಿಸುತ್ತದೆಂಬುದನ್ನು ಆ ರೈತ ನಮಗಿಂತ ಚೆನ್ನಾಗಿ ಬಲ್ಲ. ಮಾತು ಬೆಳೆಯಿತು. ಒಬ್ಬರು ಬೆಲೆ ಹೇಳರು, ಇನ್ನೊಬ್ಬ ಬಿಟ್ಟಿ ಒಲ್ಲ. ಕಡೆಗೆ ಅತ್ತೆ ಮಂಚದಿಂದಲೇ ಕೇಳಿದರು: "ಮೂರನೆಯ ತಟ್ಟೆಯನ್ನು ನನ್ನ ನಂತರ ಯಾರು ಇಡುತ್ತೀರಿ?" ಯಾರೂ ಮಾತಾಡಲಿಲ್ಲ. "ಅದೇ ಬೆಲೆ," ಎಂದರು.

ಯಜಮಾನರು ಅತ್ತೆಯ ಕೈ ಹಿಡಿದು "ದಿಯೋಸ್ ತಿ ಅಗ್‌ಙಿನಾ" ಎಂದರು. ಅದು ಅವರ ಕೃತಜ್ಞತೆಯ ನುಡಿ. ಪ್ರತಿಫಲವನ್ನು ದೇವರು ಕೊಡಲಿ ಎಂಬ ಭಾವ.

ಪಟ್ಟಣದ ವಕೀಲರು ಪತ್ರ ಬರೆದರು. ತಂದೆಯ ವಾರಸುದಾರರು ನಾಲ್ವರು. ನಾಲ್ವರ ಸಹಿಯೂ ಬೇಕು, ಬಳಿಕ ಪತ್ರಿಕೆಯಲ್ಲಿ ಮೂರು ವಾರ ಪ್ರಕಟಣೆ ಆಗಬೇಕು. ಯಜಮಾನರು ಅಲ್ಲೇ ಸಹಿ ಮಾಡಿದರು. ಹವಾಯಿಯಲ್ಲಿರುವ ತಂಗಿಯೂ ಒಬ್ಬ ತಮ್ಮನೂ ತಕರಾರಿಲ್ಲದೆ ಮಾಡಿದರು. ಕ್ಯಾಲಿಫೋರ್ನಿಯಾದ ಕಿರಿಯ ತಮ್ಮ ಮಾತ್ರ, ಆ ಕಡೆ ಚದರ ಮೀಟರಿಗೆ ಈಗ ಏನು ಬೆಲೆ ನಡೆಯುತ್ತಿದೆಯೆಂದು ಕೇಳಿ ಬರೆದ. ಮುಂದಿನ ವರ್ಷ ಮಹಾಮಾರಿ ಬಂದು ಹೋಗಿಬರುವುದೇ ನಿಂತುಹೋಯಿತು. ಪತ್ರ ಹೊನೊಲುಲುವಿನ ಬೀರುವಿನಲ್ಲಿ ನೇಯ್ಗೆಯ ಹೊದಿಕೆಯ ಕೆಳಗಿದೆ. ಭಾವಮೈದುನ ವರ್ಷಕ್ಕೆರಡು ಚಿತ್ರಗಳನ್ನು ತಪ್ಪದೆ ಕಳುಹಿಸುತ್ತಾನೆ: ನವೆಂಬರಿನಲ್ಲಿ ಮೂರು ತಟ್ಟೆಗಳದೊಂದು, ಕಂದಾಯದ ರಸೀತಿಯದೊಂದು. ರಸೀತಿಯ ಮೇಲಿನ ಹೆಸರು ಇನ್ನೂ ತಂದೆಯದೇ.