ನೋವು ಕೆಳಗೆ, ಮೂಲ ಮೇಲೆ

ಡೊಂಬಿವಿಲಿಯಲ್ಲಿರುವ ನನ್ನ ಸೋದರಮಾವನಿಗೆ ಎಪ್ಪತ್ತೊಂದು ವರ್ಷ. ಕುಂದಾಪುರದ ಕಡೆಯಿಂದ ಎಳೆ ಪ್ರಾಯದಲ್ಲೇ ಮುಂಬಯಿಗೆ ಬಂದು, ಫೋರ್ಟ್ ಪರಿಸರದ ಕ್ಯಾಂಟೀನೊಂದರಲ್ಲಿ ಲೋಟ ತೊಳೆದು, ಮುಂದೆ ಅದೇ ಕ್ಯಾಂಟೀನನ್ನು ನಡೆಸಿದವರು. ಒಂದು ಮಳೆಗಾಲದ ರಾತ್ರಿ ಅವರಿಗೆ ಚಳಿಜ್ವರ ಬಂತು. ಬಲತೊಡೆ ನೋಯುತ್ತಿದೆ ಎಂದರು. ಮೂರು ದಿನವೂ ತೊಡೆ ಎಂದೇ ಹೇಳಿದರು. ಸೊಸೆ ನೋವಿನೆಣ್ಣೆ ತಂದುಕೊಟ್ಟಳು, ಮಗ ಬಿಸಿನೀರಿನ ಚೀಲ ತಂದ. ನಾಲ್ಕನೆಯ ದಿನ ನಾನು ಹೋದಾಗ ಅವರು ಮಂಚದ ಅಂಚಿನಲ್ಲಿ ಕಾಲು ಅಗಲಿಸಿ, ಎರಡೂ ಕೈಯೂರಿ ಕೂತಿದ್ದರು. ತೊಡೆ ನೋಯುವವರು ಹಾಗೆ ಕೂರುವುದಿಲ್ಲ.

"ಮಾವ, ನೋವು ತೊಡೆಗೋ, ಬೇರೆ ಎಲ್ಲಿಗಾದರೂ?" ಎಂದು ಕೇಳಿದೆ.

"ಅತ್ತೆ ಒಳಗೆ ಹೋಗಲಿ, ಆಮೇಲೆ ಹೇಳ್ತೆ" ಎಂದರು.

ಬಲಬದಿಯ ಬೀಜ ಕೋಳಿಮೊಟ್ಟೆಗಿಂತ ದೊಡ್ಡದಾಗಿ ಬಾತಿತ್ತು. ಮೇಲಿನ ಚರ್ಮ ಕೆಂಪಾಗಿ, ಬಿಗಿದು ಹೊಳೆಯುತ್ತಿತ್ತು. ಬಟ್ಟೆ ತಗುಲಿದರೂ ಅವರು ಹಲ್ಲು ಕಚ್ಚುತ್ತಿದ್ದರು. ನೋವಿಗಿಂತ ದೊಡ್ಡದಾಗಿ ಅವರನ್ನು ಹಿಂಡುತ್ತಿದ್ದದ್ದು ಬೇರೆಯೇ ಒಂದು ಭಯ: ಈ ವಯಸ್ಸಿನಲ್ಲಿ ಇಂಥ ಜಾಗಕ್ಕೆ ರೋಗ ಬಂದರೆ ಜನ ಏನೆಂದುಕೊಂಡಾರು? ಲೋಕಲ್ ಗಾಡಿಯ ಡಬ್ಬಿಗಳಲ್ಲಿ 'ಗುಪ್ತರೋಗ'ದ ಚೀಟಿಗಳನ್ನು ಜೀವಮಾನವಿಡೀ ಓದಿದ ಗಂಡಸರಿಗೆ ಆ ಜಾಗದ ಯಾವ ಕಾಯಿಲೆಯೂ ಚಾರಿತ್ರ್ಯದ ಪ್ರಶ್ನೆಯಾಗಿ ಕಾಣುತ್ತದೆ. ಎಷ್ಟೋ ಹಿರಿಯರು ತಡವಾಗಿ ಆಸ್ಪತ್ರೆ ಸೇರುವುದು ಈ ನಾಚಿಕೆಯಿಂದಲೇ.

ಹಾಗಾದರೆ ಇದೇನು? ವೃಷಣದ ಬೆನ್ನಿಗೆ ಅಂಟಿಕೊಂಡು, ಅರ್ಧಚಂದ್ರದ ಆಕಾರದಲ್ಲಿ ಒಂದು ಸಣ್ಣ ಅಂಗವಿದೆ, ಎಪಿಡಿಡಿಮಿಸ್. ಹೊರಗಿನಿಂದ ಬೆರಳಿಗೆ ಮೆತ್ತನೆಯ ದಾರದ ಉಂಡೆಯಂತೆ ಸಿಗುತ್ತದೆ. ಬಿಡಿಸಿದರೆ ಅದು ಒಂದೇ ಒಂದು ನಾಳ, ಉದ್ದ ಸುಮಾರು 6 ಮೀಟರ್. ವೃಷಣದಲ್ಲಿ ಹುಟ್ಟಿದ ವೀರ್ಯಾಣುಗಳು ಈ ಸುರುಳಿಯಲ್ಲಿ ದಿನಗಟ್ಟಲೆ ಸಾಗಿ ಬಲಿಯುತ್ತವೆ. ಸುರುಳಿಯ ಬಾಲದಿಂದ ಹೊರಟ ವೀರ್ಯನಾಳ ತೊಡೆಸಂದಿನ ಮೂಲಕ ಮೇಲೇರಿ, ಹೊಟ್ಟೆಯೊಳಗೆ ಹೊಕ್ಕು, ಮೂತ್ರಕೋಶದ ಹಿಂದೆ ಬಳಸಿ, ಪ್ರಾಸ್ಟೇಟ್ ಗ್ರಂಥಿಯ ನಡುವೆ ಮೂತ್ರನಾಳಕ್ಕೆ ತೆರೆದುಕೊಳ್ಳುತ್ತದೆ. ಅಂದರೆ ಮೂತ್ರ ಹರಿಯುವ ದಾರಿಗೂ ವೃಷಣಕ್ಕೂ ನಡುವೆ ಒಂದು ನೇರ ಓಣಿಯಿದೆ. ಮೇಲೆ ಮೂತ್ರದಲ್ಲಿ ಸೋಂಕಾದರೆ ರೋಗಾಣುಗಳು ಈ ಓಣಿಯಲ್ಲಿ ಹಿಮ್ಮುಖವಾಗಿ ಇಳಿದು ಎಪಿಡಿಡಿಮಿಸ್ ಸೇರುತ್ತವೆ, ಅಲ್ಲಿಂದ ವೃಷಣಕ್ಕೂ ಹಬ್ಬುತ್ತವೆ. ವೈದ್ಯರು ಎಪಿಡಿಡಿಮೋ ಆರ್ಕೈಟಿಸ್ ಎನ್ನುವ ಉರಿಯೂತ ಇದು.

ಹರೆಯದವರಲ್ಲಿ ಈ ಉರಿಯೂತಕ್ಕೆ ಲೈಂಗಿಕವಾಗಿ ಹರಡುವ ಕ್ಲಮಿಡಿಯ, ಗೊನೊರಿಯ ಸೋಂಕುಗಳೇ ಹೆಚ್ಚಾಗಿ ಕಾರಣ. ಸುಮಾರು ಮೂವತ್ತೈದು ದಾಟಿದ ಮೇಲೆ ಲೆಕ್ಕ ತಿರುಗುತ್ತದೆ. ಆಗ ಸಾಮಾನ್ಯವಾಗಿ ಸಿಗುವುದು ನಮ್ಮದೇ ಕರುಳಿನಲ್ಲಿ ವಾಸಿಸುವ ಇ. ಕೋಲಿಯಂಥ ಬ್ಯಾಕ್ಟೀರಿಯಾ. ಅರವತ್ತರ ಪ್ರಾಯದ ಗಂಡಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಪ್ರಾಸ್ಟೇಟ್ ಬೆಳೆದಿರುತ್ತದೆ. ಬೆಳೆದ ಗ್ರಂಥಿ ಮೂತ್ರದ ದಾರಿಯನ್ನು ಒತ್ತಿದರೆ ಮೂತ್ರಕೋಶ ಪೂರ್ತಿ ಖಾಲಿಯಾಗುವುದಿಲ್ಲ. ಒಳಗೆ ಉಳಿದದ್ದು ನಿಂತ ನೀರಿನಂತೆ, ರೋಗಾಣುಗಳಿಗೆ ಹೇಳಿ ಮಾಡಿಸಿದ ಜಾಗ. ಕ್ಯಾಥೆಟರ್ ಹಾಕಿಸಿಕೊಂಡವರಲ್ಲಿ, ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯಾದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಅಪಾಯ ಇನ್ನೂ ಹೆಚ್ಚು.

ಮಾವನಿಗೆ ಆದದ್ದೂ ಇದೇ. ಎರಡು ವರ್ಷದಿಂದ ರಾತ್ರಿ ನಾಲ್ಕು ಸಲ ಏಳುತ್ತಿದ್ದರು, ಮೂತ್ರದ ಧಾರೆ ಸಣ್ಣಗಾಗಿತ್ತು, ಕೊನೆಗೆ ಹನಿಹನಿಯಾಗಿ ನಿಲ್ಲುತ್ತಿತ್ತು. ಪ್ರಾಯವಾಯಿತಲ್ಲ ಎಂದು ಸುಮ್ಮನಿದ್ದರು. ಆ ನಾಲ್ಕನೆಯ ದಿನ ಅವರು ಒಪ್ಪಿದ್ದು ಕೆಮಿಸ್ಟ್ ಅಂಗಡಿಯ ಮಾತ್ರೆಗೆ ಮಾತ್ರ. ಜ್ವರ ಇಳಿಯಿತು. ಮೂರು ದಿನಕ್ಕೆ ಮಾತ್ರೆ ನಿಲ್ಲಿಸಿದರು. ಎರಡು ವಾರ ಕಳೆದು ಎಲ್ಲವೂ ಇಮ್ಮಡಿಯಾಗಿ ಮರಳಿತು. ಆಗ ಆಸ್ಪತ್ರೆಯಲ್ಲಿ ಮೂತ್ರದ ಕಲ್ಚರ್ ಮಾಡಿಸಿದಾಗ ಬೆಳೆದ ಇ. ಕೋಲಿಗೆ ಆ ಮಾತ್ರೆ ನಾಟುತ್ತಲೇ ಇರಲಿಲ್ಲ.

ಈ ಕಾಯಿಲೆಗೆ ಹೆಚ್ಚಾಗಿ ಕೊಡುವುದು ಲಿವೊಫ್ಲಾಕ್ಸಸಿನ್, ಒಫ್ಲಾಕ್ಸಸಿನ್ ಗುಂಪಿನ ಮಾತ್ರೆಗಳನ್ನು, ಸಾಮಾನ್ಯವಾಗಿ 10ರಿಂದ 14 ದಿನ. ನಮ್ಮ ದೇಶದಲ್ಲಿ ಇವುಗಳಿಗೆ ಬಗ್ಗದ ಇ. ಕೋಲಿ ಈಗ ತೀರಾ ಸಾಮಾನ್ಯ. ಅರವತ್ತು ದಾಟಿದವರಲ್ಲಿ ಇವೇ ಮಾತ್ರೆಗಳಿಂದ ಹಿಮ್ಮಡಿಯ ಸ್ನಾಯುರಜ್ಜು ಹರಿಯುವ ಅಪಾಯವೂ ಉಂಟು. ಆದ್ದರಿಂದ ಮಾತ್ರೆ ನುಂಗುವ ಮೊದಲು ಒಂದು ಶೀಶೆ ಮೂತ್ರ ಲ್ಯಾಬಿಗೆ ಹೋಗಬೇಕು. ಹೋದರೆ ಯಾವ ಔಷಧ ನಾಟುತ್ತದೆ ಎಂಬುದು ಎರಡು ಮೂರು ದಿನಗಳಲ್ಲಿ ತಿಳಿಯುತ್ತದೆ.

ಮುಂಬಯಿಯಲ್ಲಿ ಈ ಮಾತಿಗೆ ಇನ್ನೊಂದು ತೂಕವಿದೆ. ಕ್ಷಯ ಶ್ವಾಸಕೋಶಕ್ಕೆ ಮಾತ್ರ ಬರುತ್ತದೆ ಎಂದುಕೊಂಡವರು ಬಹಳ. ರಕ್ತದಲ್ಲಿ ಸಾಗಿ ಅದು ಮೂತ್ರಪಿಂಡಕ್ಕೂ ಎಪಿಡಿಡಿಮಿಸಿಗೂ ಬರುತ್ತದೆ. ಬಂದಾಗ ಅಬ್ಬರವಿಲ್ಲ. ಹೆಚ್ಚು ನೋವಿಲ್ಲದ, ಗಟ್ಟಿಯಾದ ಗಂಟು, ತಿಂಗಳುಗಟ್ಟಲೆ ಹಾಗೇ. ವೀರ್ಯನಾಳ ಮಣಿಸರದಂತೆ ಗಂಟುಗಂಟಾಗುತ್ತದೆ, ಕೆಲವೊಮ್ಮೆ ಚರ್ಮ ಒಡೆದು ಕೀವು ಸೋರುತ್ತದೆ. ಮೂತ್ರದಲ್ಲಿ ಕೀವುಕಣಗಳಿದ್ದೂ ಸಾಮಾನ್ಯ ಕಲ್ಚರಿನಲ್ಲಿ ಏನೂ ಬೆಳೆಯದಿದ್ದರೆ ವೈದ್ಯರು ಕ್ಷಯವನ್ನು ನೆನೆಯಬೇಕು. ಲಿವೊಫ್ಲಾಕ್ಸಸಿನ್ ಕ್ಷಯದ ಮೇಲೂ ಕೆಲಸ ಮಾಡುವ ಔಷಧ. ಪರೀಕ್ಷೆಯಿಲ್ಲದೆ ಅದನ್ನು ನುಂಗಿದರೆ ಕ್ಷಯ ಅರೆಬರೆ ಅಡಗುತ್ತದೆ, ಗುರುತು ಸಿಗುವುದು ತಡವಾಗುತ್ತದೆ, ಔಷಧಕ್ಕೆ ಬಗ್ಗದ ತಳಿ ಬೆಳೆಯಲು ದಾರಿಯಾಗುತ್ತದೆ. ಇದೇ ನಗರದ ಹಿಂದುಜಾ ಆಸ್ಪತ್ರೆಯ ಡಾ. ಝರೀರ್ ಉದ್ವಾಡಿಯಾ ಮತ್ತು ಸಂಗಡಿಗರು ತಾವು ಪರೀಕ್ಷಿಸಿದ ಯಾವ ಔಷಧಕ್ಕೂ ಬಗ್ಗದ ಕ್ಷಯದ ನಾಲ್ವರು ರೋಗಿಗಳ ವರದಿ ಕೊಟ್ಟಾಗ ದೇಶವೇ ಬೆಚ್ಚಿತ್ತು. 2012ರ ಮೇ ತಿಂಗಳಲ್ಲಿ ಸರಕಾರ ಪ್ರತಿಯೊಬ್ಬ ಕ್ಷಯ ರೋಗಿಯ ಮಾಹಿತಿ ನೀಡುವುದನ್ನು ವೈದ್ಯರಿಗೆ ಕಡ್ಡಾಯ ಮಾಡಿತು.

ಬೀಜದ ಬಾವಿನ ಪಕ್ಕದಲ್ಲೇ ಕಾಣುವ ತೊಡೆಸಂದಿನ ಗೆಡ್ಡೆಯ ಕತೆ ಬೇರೆ. ಆ ಗೆಡ್ಡೆಗೆ ಈ ಊರು ಒಮ್ಮೆ ನಡುಗಿತ್ತು. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿಯಲ್ಲಿ ಡಾ. ಅಕಾಸಿಯೊ ವಿಯೆಗಾಸ್ ಗುರುತಿಸಿದ ಪ್ಲೇಗಿನ ಲಕ್ಷಣವೇ ಅದು. ಎರಡು ವರ್ಷದಲ್ಲಿ ಪ್ಲೇಗ್ ರೈಲಿನ ಜೊತೆ ಬೆಂಗಳೂರಿಗೂ ಬಂತು. ಇಲಿಯ ಚಿಗಟ ಬಹಳಷ್ಟು ಸಲ ಕಚ್ಚುವುದು ಕಾಲಿಗೆ, ಕಾಲಿನ ದುಗ್ಧರಸ ಸೋಸುವ ಗ್ರಂಥಿಗಳಿರುವುದು ತೊಡೆಸಂದಿನಲ್ಲಿ. ಗ್ರೀಕರು ತೊಡೆಸಂದಿಗೆ ಬೂಬೋನ್ ಎನ್ನುತ್ತಿದ್ದರು, ಬ್ಯುಬಾನಿಕ್ ಪ್ಲೇಗ್ ಎಂಬ ಹೆಸರು ಬಂದದ್ದು ಅಲ್ಲಿಂದ. ಪ್ಲೇಗ್ ಹೋದರೂ ಆ ಸೋಸುವ ಕೆಲಸ ಹಾಗೇ ಇದೆ. ತೊಡೆಸಂದಿನಲ್ಲಿ ನೋಯುವ ಗಂಟು ಕಂಡರೆ ಮೊದಲು ಪಾದ ನೋಡಿ: ಒಡೆದ ಹಿಮ್ಮಡಿ, ಬೆರಳಸಂದಿನ ಕೊಳೆತ, ಸಕ್ಕರೆ ಕಾಯಿಲೆಯವರಿಗೆ ಅರಿವಾಗದ ಗಾಯ. ವೃಷಣದ ದುಗ್ಧರಸ ಮಾತ್ರ ಇಲ್ಲಿಗೆ ಬರುವುದಿಲ್ಲ, ನೇರವಾಗಿ ಹೊಟ್ಟೆಯೊಳಗೆ ಮೂತ್ರಪಿಂಡದ ಬಳಿಗೆ ಹೋಗುತ್ತದೆ. ಗರ್ಭದಲ್ಲಿ ವೃಷಣ ಹುಟ್ಟುವುದು ಅಲ್ಲೇ. ಕೆಳಗಿಳಿಯುವಾಗ ತನ್ನ ನರ, ರಕ್ತನಾಳಗಳನ್ನು ಎಳೆದುಕೊಂಡೇ ಬರುತ್ತದೆ. ಮೂತ್ರಪಿಂಡದ ಕಲ್ಲಿನ ನೋವು ಎಷ್ಟೋ ಸಲ ಬೀಜಕ್ಕೆ ಇಳಿಯುವುದು ಈ ಹಳೆಯ ನಂಟಿನಿಂದ.

ಕರಾವಳಿಯವರಿಗೆ, ಕಲಬುರಗಿ, ಬೀದರ್ ಕಡೆಯವರಿಗೆ ಆನೆಕಾಲು ರೋಗದ ಹುಳುವಿನಿಂದಲೂ ಬೀಜಕ್ಕೆ ಬಾವು ಬರಬಹುದು. ಜ್ವರದ ಜೊತೆ ಬಂದು ಹೋಗಿ, ಕಡೆಗೆ ನೀರು ತುಂಬಿ ನಿಲ್ಲುತ್ತದೆ. ಹರ್ನಿಯಾ ಸಿಕ್ಕಿಹಾಕಿಕೊಂಡರೂ ತೊಡೆಸಂದು ಉಬ್ಬಿ ನೋಯುತ್ತದೆ. ವಾಂತಿಯೂ ಸೇರಿದರೆ ಅದು ತುರ್ತು.

ಎಲ್ಲಕ್ಕಿಂತ ಹೆದರಬೇಕಾದದ್ದು ಇನ್ನೊಂದು. 1883ರಲ್ಲಿ ಪ್ಯಾರಿಸ್ಸಿನ ವೈದ್ಯ ಫೂರ್ನಿಯೆ ವಿವರಿಸಿದ, ಈ ಜಾಗದ ಕೊಳೆತ ಈಗ ಹೆಚ್ಚಾಗಿ ಕಾಣುವುದು ಸಕ್ಕರೆ ಹತೋಟಿಯಲ್ಲಿಲ್ಲದ ಹಿರಿಯರಲ್ಲಿ. ಕಣ್ಣಿಗೆ ಕಾಣುವ ಕೆಂಪಿಗಿಂತ ನೋವು ವಿಪರೀತ ಹೆಚ್ಚು, ಆಮೇಲೆ ಚರ್ಮ ಕಪ್ಪಾಗುತ್ತದೆ, ಒತ್ತಿದರೆ ಒಳಗೆ ಗಾಳಿ ಸರಸರ ಎನ್ನುತ್ತದೆ, ದುರ್ವಾಸನೆ. ಗಂಟೆಗಳಲ್ಲಿ ಹರಡುವ ಇದಕ್ಕೆ ಮಾತ್ರೆ ಸಾಲದು, ಕೊಳೆತದ್ದನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಲೇಬೇಕು. ಅಂಥ ರಾತ್ರಿ ಬೆಳಗಾಗಲಿ ಎಂದು ಕಾಯಬಾರದು. ಸಯನ್, ಕೆ.ಇ.ಎಂ., ನಾಯರ್ ಆಸ್ಪತ್ರೆಗಳ ತುರ್ತು ವಿಭಾಗ ರಾತ್ರಿಯೂ ತೆರೆದಿರುತ್ತದೆ.

ಮಾವನಿಗೆ ಡಾಪ್ಲರ್ ಸ್ಕ್ಯಾನ್ ಆಯಿತು. ಬೀಜ ತಿರುಚಿಕೊಂಡು ರಕ್ತ ನಿಂತಿದೆಯೇ, ಒಳಗೆ ಕೀವು ಕಟ್ಟಿದೆಯೇ ಎಂಬುದನ್ನು ಅದು ತೋರಿಸುತ್ತದೆ. ಸರಿಯಾದ ಔಷಧ, ವಿಶ್ರಾಂತಿ, ಜೊತೆಗೆ ಕೆಳಗಿನಿಂದ ಆಧಾರ ಕೊಡುವ ಬಿಗಿಯಾದ ಒಳಉಡುಪು. ನಮ್ಮ ಅಜ್ಜಂದಿರ ಕೌಪೀನ ಇದೇ ಕೆಲಸ ಮಾಡುತ್ತಿತ್ತು. ನೋವು ವಾರದಲ್ಲಿ ಹೋಯಿತು. ಬಾವು ಇಳಿಯಲು ಆರು ವಾರ ಹಿಡಿಯಿತು, ಅದೂ ಸಹಜವೇ. ಅದರಾಚೆಗೂ ಗಂಟು ಉಳಿದರೆ ಮತ್ತೆ ಸ್ಕ್ಯಾನ್ ಬೇಕು. ಅರವತ್ತು ದಾಟಿದವರ ವೃಷಣದಲ್ಲಿ ಹೆಚ್ಚಾಗಿ ಕಾಣುವ ಗಡ್ಡೆ ಲಿಂಫೋಮಾ ಎಂಬ ಕ್ಯಾನ್ಸರ್. ಈಗ ಮಾವ ಪ್ರಾಸ್ಟೇಟಿಗೆ ಔಷಧ ತೆಗೆದುಕೊಳ್ಳುತ್ತಾರೆ, ರಾತ್ರಿ ಒಂದೇ ಸಲ ಏಳುತ್ತಾರೆ.

ನಿಮ್ಮ ಮನೆಯ ಹಿರಿಯರು ಜ್ವರದಲ್ಲಿದ್ದು ತೊಡೆನೋವು ಎನ್ನುತ್ತಿದ್ದರೆ, ದಯವಿಟ್ಟು ಉಳಿದವರನ್ನು ಹೊರಗೆ ಕಳಿಸಿ, ಬಾಗಿಲು ಮುಚ್ಚಿ, ಪಕ್ಕದಲ್ಲಿ ಕೂತು ಇನ್ನೊಮ್ಮೆ ಕೇಳಿ.